ಕೆರೆಯದೆ ಬಿಟ್ಟ ಕಂಬ

ಬೆಳಿಗ್ಗೆ ಆರೂಕಾಲಿಗೆ ಹಸಿರುಮನೆಯ ಪಡುವಣ ಅರ್ಧ ಕುಸಿದುಬಿತ್ತು. ಒಳಗೆ ಯಾರೂ ಇರಲಿಲ್ಲ.

ಅಳಿಯನಿಗೆ ಸುದ್ದಿ ಮುಟ್ಟಿಸಿದ್ದು ಅತ್ತೆ. ಅವನು ಊರಿನ ಇನ್ನೊಂದು ತುದಿಯ ಬಾಡಿಗೆ ಮನೆಯಲ್ಲಿ ಹಲ್ಲುಜ್ಜುತ್ತಿದ್ದ.

"ಪಾಲಿಹೌಸ್ ಬಿತ್ತು," ಎಂದರು ಅತ್ತೆ. "ನಿಮ್ಮ ಮಾವನಿಗೇನೂ ಆಗಿಲ್ಲ. ಮೋಟರು ಹಾಕೋಕೆ ಹೊರಟೋರು ಕನ್ನಡಕ ಮರೆತು ವಾಪಸು ಬಂದಿದ್ರು."

"ಹಣ್ಣು?"

"ಬನ್ನಿ ನೀವು," ಎಂದು ಅತ್ತೆ ಫೋನು ಇಟ್ಟರು.

ಹಣ್ಣು ಎಂದರೆ ಕರಬೂಜ. ಅಳಿಯನ ಹೆಂಡತಿ, ಆ ಮನೆಯ ಒಬ್ಬಳೇ ಮಗಳು, ಹೊಸ ತಳಿ ಬೆಳೆಸುವ ವಿದ್ಯೆ ಕಲಿತವಳು. ಎರಡು ಬಗೆಯ ಕರಬೂಜಗಳನ್ನು ಕೂಡಿಸಿ, ಹುಟ್ಟಿದ ಬಳ್ಳಿಗಳಲ್ಲಿ ಒಳ್ಳೆಯದನ್ನು ಆರಿಸಿ, ಅದರ ಬೀಜ ಬಿತ್ತಿ, ಮತ್ತೆ ಆರಿಸಿ, ಹೀಗೆ ಐದು ತಲೆಮಾರು ನಡೆಸಿದ್ದಳು. ಎಲೆಗೆ ಬೂದಿರೋಗ ಹತ್ತಬಾರದು, ಹಣ್ಣಿನ ಘಮ ಮಾತ್ರ ಹಾಗೇ ಇರಬೇಕು ಎಂಬುದು ಅವಳ ಹಟ. ಐದನೆಯ ತಲೆಮಾರಿನ ಬೀಜ ಕೈಗೆ ಬಂದ ವರ್ಷವೇ ಅವಳಿಗೆ ರಕ್ತದ ಕಾಯಿಲೆ ಎಂದು ಗೊತ್ತಾಯಿತು. ವರ್ಷ ತುಂಬುವ ಮೊದಲೇ ತೀರಿಕೊಂಡಳು.

ಆಮೇಲೆ ಎರಡು ವರ್ಷ ಆ ಬೀಜದ ಪೊಟ್ಟಣವನ್ನು ಯಾರೂ ಮುಟ್ಟಲಿಲ್ಲ. ಅದು ಅಡುಗೆಮನೆಯ ಕಪಾಟಿನಲ್ಲಿ, ಒಲೆಯ ಪಕ್ಕದಲ್ಲೇ ಇತ್ತು. ತಂಪಾದ ಕಡೆ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಈ ಸಲ ಮಾವ ಮನಸ್ಸು ಗಟ್ಟಿಮಾಡಿಕೊಂಡು ಇದ್ದ ಬೀಜವನ್ನೆಲ್ಲ ಬಿತ್ತಿದರು. ಶಾಖಕ್ಕೆ ಸತ್ತ ಬೀಜಗಳೇ ಹೆಚ್ಚು. ಹುಟ್ಟಿದ್ದು ಒಂಬತ್ತು ಸಸಿ. ಬಳ್ಳಿಯ ತುದಿ ಕತ್ತರಿಸಿ ಬೇರು ಬರಿಸಲು ನೋಡಿದರು. ಟೊಮೇಟೊಗೆ ಬರುವ ಹಾಗೆ ಕರಬೂಜಕ್ಕೆ ಬರಲಿಲ್ಲ. ಆದ್ದರಿಂದ ಆ ಒಂಬತ್ತು ಬಳ್ಳಿಯಲ್ಲಿ ಹಣ್ಣು ಮಾಗಬೇಕಿತ್ತು, ಅದರೊಳಗೆ ಬೀಜ ಬಲಿಯಬೇಕಿತ್ತು. ಬೇರೆ ದಾರಿ ಇರಲಿಲ್ಲ. ಮಗಳು ಮಾಡಿದ ಕೆಲಸವೆಂದು ಭೂಮಿಯ ಮೇಲೆ ಉಳಿದಿದ್ದುದು ಅಷ್ಟೇ.

ಬಳ್ಳಿಗಳು ಮೊದಲ ಹೂವು ಬಿಟ್ಟಾಗ ಮಾವ ಅಳಿಯನನ್ನು ಕರೆಸಿದ್ದರು.

ಅಳಿಯನ ಉದ್ಯೋಗವೇ ಹಸಿರುಮನೆಗಳ ಉಕ್ಕಿನ ಕೊಳವೆಗಳನ್ನು ಅಳೆಯುವುದು. ಮಳೆ, ಬಿಸಿಲು ಮೇಲಿನ ಪ್ಲಾಸ್ಟಿಕ್ಕಿಗೆ ಹೊಡೆಯುತ್ತವೆ. ಕೊಳವೆಗೆ ಹೊಡೆಯುವುದು ಒಳಗಿನ ತೇವ. ಇರುಳು ಹೊತ್ತು ಕೊಳವೆಯ ಒಳಮೈಯಲ್ಲಿ ನೀರು ಕಟ್ಟಿ ಹನಿಹನಿಯಾಗಿ ಬುಡಕ್ಕೆ ಇಳಿಯುತ್ತದೆ. ಹೊರಗಿನಿಂದ ಗೊಬ್ಬರದ ನೀರು ಅದೇ ಬುಡವನ್ನು ನೆನೆಸುತ್ತದೆ. ಮೊದಲು ಸತುವಿನ ಲೇಪ ಹೋಗುತ್ತದೆ, ನಂತರ ಉಕ್ಕು. ಮೇಲೆ ಬೆಳ್ಳಿ ಬಣ್ಣ ಹೊಡೆದಿದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ.

ಅವನ ಬಳಿ ಅಂಗೈಯಲ್ಲಿ ಹಿಡಿಯುವಂಥ ಗೇಜು ಇತ್ತು. ಅದರ ಮೂತಿಯನ್ನು ಕೊಳವೆಗೆ ಒತ್ತಿದರೆ ಉಕ್ಕಿನೊಳಗೆ ಸದ್ದೊಂದನ್ನು ಕಳಿಸುತ್ತದೆ. ಸದ್ದು ಒಳಗೋಡೆಗೆ ಬಡಿದು ವಾಪಸು ಬರಲು ಹಿಡಿದ ಹೊತ್ತಿನಿಂದ ದಪ್ಪ ಎಷ್ಟೆಂದು ತೋರಿಸುತ್ತದೆ. ಅಳೆಯುವ ಮೊದಲು ಬಣ್ಣವನ್ನು ಪೂರಾ ಕೆರೆದು ಉಕ್ಕು ಹೊಳೆಯುವಂತೆ ಮಾಡಬೇಕು. ಬಣ್ಣದಲ್ಲಿ ಸದ್ದು ನಿಧಾನ. ಉಗುರಿನಷ್ಟು ತೆಳ್ಳಗಿನ ಬಣ್ಣವಿದ್ದರೂ ಗೇಜು ಅದನ್ನು ಎರಡು ಪಟ್ಟಿಗೂ ಮೀರಿದ ಉಕ್ಕೆಂದು ತಿಳಿಯುತ್ತದೆ.

ಹೊಸದರಲ್ಲಿ ಆ ಕಂಬಗಳ ದಪ್ಪ ಎರಡು ಮಿಲಿಮೀಟರ್. ಒಂದೂಕಾಲಿಗಿಂತ ಕಡಿಮೆಯಾದ ಬುಡವನ್ನು ಅವನು ಎಲ್ಲಿಯೂ ಒಪ್ಪುತ್ತಿರಲಿಲ್ಲ.

"ಹೆಂಗಿದೆ ಪೇಶೆಂಟು?" ಎಂದು ಮಾವ ಕೇಳಿದರು. ಅವನು ಮೊಣಕಾಲೂರಿ ಮೂರನೆಯ ಕಂಬದ ಬುಡದ ಮಣ್ಣು ಸರಿಸುತ್ತಿದ್ದ.

"ಮೇಲೆಲ್ಲ ಚೆನ್ನಾಗಿದೆ ಮಾವ. ಕಾಲು ವೀಕು."

"ನಿಮ್ಮತ್ತೆ ಥರ."

ಅತ್ತೆ ಬಳ್ಳಿಗೆ ದಾರ ಕಟ್ಟುತ್ತಿದ್ದರು. "ಈ ಕಾಲು ಯಾರ ಹಿಂದೆ ಓಡಿ ಓಡಿ ವೀಕಾಯ್ತು ಅಂತ ಸ್ವಲ್ಪ ಕೇಳಿ ಅಳಿಯಂದ್ರೇ."

"ಇಪ್ಪತ್ತೆರಡು ವರ್ಷ ಆಯ್ತಲ್ಲ ಇದನ್ನ ನಿಲ್ಲಿಸಿ," ಎಂದರು ಮಾವ, ಹೆಂಡತಿಯ ಮಾತು ಕೇಳಿಸದವರಂತೆ. "ಉಕ್ಕಿಗೂ ವಯಸ್ಸಾಗುತ್ತೆ. ಬಲ ಕುಗ್ಗುತ್ತೆ."

"ಬಲ ಕುಗ್ಗಲ್ಲ ಮಾವ. ಈ ಕೊಳವೇಲಿ ಒಂದು ಪಟ್ಟಿ ಕತ್ತರಿಸಿ ಮೆಷಿನ್ನಿಗೆ ಹಾಕಿ ಎಳೆದ್ರೆ, ಉಳಿದಿರೋ ಉಕ್ಕು ಹೊಸದಷ್ಟೇ ಗಟ್ಟಿ. ಉಳಿದಿರೋದೇ ಕಡಿಮೆ ಆಗೋದು."

"ಹಂಗಾದ್ರೆ ಅದು ನನಗಿಂತ ವಾಸಿ ಬಿಡಿ. ನಂದು ದಪ್ಪ ಹಂಗೇ ಇದೆ, ಬಲಾನೇ ಇಲ್ಲ."

ಅತ್ತೆ ನಕ್ಕರು. ಆ ಮನೆಯಲ್ಲಿ ನಗುವುದು ಆಗೀಗ ಮತ್ತೆ ಶುರುವಾಗಿದ್ದ ಕಾಲ ಅದು.

ಕಂಬಗಳಿಗೆಲ್ಲ ಹೆಸರಿದ್ದವು. ಹೆಸರಿಟ್ಟವಳು ಮಗಳು. ಗಿಡ್ಡ ಮಣೆಯ ಮೇಲೆ ಕೂತು ಹೂವಿಂದ ಹೂವಿಗೆ ಕುಂಚದಲ್ಲಿ ಪರಾಗ ಮುಟ್ಟಿಸುವುದು ಅವಳ ಬೆಳಗಿನ ಕೆಲಸ. ಬೇಜಾರು ಬಂದಾಗ ನೀಲಿ ಬಣ್ಣದ ಡಬ್ಬಿ ತೆಗೆದು, ಕೂತಲ್ಲಿಂದ ಕೈಗೆ ಎಟಕುವ ಎತ್ತರದಲ್ಲಿ, ಮಣ್ಣಿಂದ ಎರಡು ಬೆರಳು ಮೇಲೆ, ಗೊಬ್ಬರದ ನೀರು ಬೀಳುವ ಬದಿಯಲ್ಲೇ ಬರೆಯುತ್ತಿದ್ದಳು. ತುಕ್ಕು ಹೆಚ್ಚು ತಿನ್ನುವುದೂ, ಗೇಜು ಇಡಬೇಕಾದದ್ದೂ ಅಲ್ಲೇ. ವಾಲಿದ್ದ ಕಂಬ ಸೊಟ್ಟಪ್ಪ. ಗಾಳಿ ಬಂದರೆ ಕಿರುಗುಟ್ಟುವುದು ಗೊಣಗಪ್ಪ. ಬಾಗಿಲ ಪಕ್ಕದ್ದು ಚಾಡಿಬುರುಕ. ಬೆಳಿಗ್ಗೆಯಿಂದ ಅಳಿಯ ಒಂದೊಂದು ಹೆಸರಿನ ಫೋಟೋ ತೆಗೆದುಕೊಂಡು, ಒಂದೊಂದನ್ನೇ ಕೆರೆದು ಅಳೆದುಕೊಂಡು ಬಂದಿದ್ದ. ಸೊಟ್ಟಪ್ಪನ ದಪ್ಪ ಒಂದಕ್ಕಿಂತ ಕಡಿಮೆ ಬಂದಿತ್ತು, ಗೊಣಗಪ್ಪನದೂ ಅಷ್ಟೇ. ಅಂಥವಕ್ಕೆ 'ಕಾಲುಚೀಲ' ತೊಡಿಸಬೇಕೆಂದು ಗುರುತು ಹಾಕಿದ. ಎರಡು ಹೋಳಾಗಿ ಸೀಳಿದ ದಪ್ಪ ಕೊಳವೆಯನ್ನು ಬುಡಕ್ಕೆ ಎರಡೂ ಬದಿಯಿಂದ ಅಪ್ಪಿಸಿ ಬೋಲ್ಟು ಬಿಗಿಯುವುದಕ್ಕೆ ಅವನ ಕಸುಬಿನವರು ಹಾಗೆನ್ನುತ್ತಾರೆ.

ಏಳನೆಯ ಕಂಬ ಕರಬೂಜದ ಸಾಲಿನ ನಡುವೆ ಇತ್ತು. ಅದರ ಮೇಲೆ ಬರೆದಿದ್ದುದು 'ನಮ್ಮೋರು' ಎಂದು. ಮದುವೆಯಾದ ಹೊಸತರಲ್ಲಿ ಬರೆದದ್ದು. ಅವತ್ತು ಅಳಿಯ ಅಲ್ಲೇ ನಿಂತು, "ಯಾಕೆ, ನಾನೇನು ಕಂಬಾನಾ?" ಎಂದು ಕೇಳಿದ್ದ. "ಮಾತಾಡಲ್ಲ, ಅಲ್ಲಾಡಲ್ಲ, ಇನ್ನೇನು ಮತ್ತೆ?" ಎಂದಿದ್ದಳು.

ಅವನು ಕೆರೆಯುವ ಉಳಿಯನ್ನು ಅಕ್ಷರದ ಮೇಲಿಟ್ಟ. ಇಟ್ಟು ಸುಮ್ಮನೆ ಕೂತ.

"ಅದನ್ನೂ ಕೆರೀರಿ," ಎಂದರು ಹಿಂದೆ ನಿಂತಿದ್ದ ಮಾವ. "ಅಕ್ಷರ ತಾನೆ. ಫೋಟೋ ಇದೆಯಲ್ಲ."

"ಬೇಡ ಮಾವ. ಇದೊಂದನ್ನ ಮೇಲಿಂದಲೇ ನೋಡ್ತೀನಿ."

"ಸರಿಯಾಗಿ ಗೊತ್ತಾಗುತ್ತಾ?"

"ಬಣ್ಣದ್ದು ಕಳೆದುಕೊಂಡ್ರೆ ಗೊತ್ತಾಗುತ್ತೆ."

ಗೇಜು ಒಂದು ಪಾಯಿಂಟ್ ಏಳು ತೋರಿಸಿತು. ಒಂದು ಕೈ ಬೆಳ್ಳಿ ಬಣ್ಣ, ಅದರ ಮೇಲೆ ಅಕ್ಷರದ ನೀಲಿ, ಎರಡಕ್ಕೂ ಸೇರಿ ಪಾಯಿಂಟ್ ಮೂರು ಕಳೆದ. ಒಂದು ಪಾಯಿಂಟ್ ನಾಲ್ಕು ಉಳಿಯಿತು. ಕೈಕೆಳಗಿನವರು ಯಾರಾದರೂ ಹೀಗೆ ಅಂದಾಜಿನಲ್ಲಿ ಕಳೆದಿದ್ದರೆ ಅವನು ಅಂಥವರನ್ನು ಅದೇ ಜಾಗಕ್ಕೆ ವಾಪಸು ಕಳಿಸುತ್ತಿದ್ದ.

"ಸರಿ ಇದೆ," ಎಂದ. "ಇದಕ್ಕೆ ಕಾಲುಚೀಲ ಬೇಡ."

ಕಾಲುಚೀಲ ಹಾಕಿದರೂ ಅಕ್ಷರ ಮುಚ್ಚಿಹೋಗುತ್ತಿತ್ತು.

ಮಾವ ಏನೋ ಹೇಳಲು ಬಾಯಿ ತೆರೆದರು. ಹೇಳದೆ, ನೀರಿನ ವಾಲ್ವು ತಿರುಗಿಸಲು ಹೋದರು.

ಮುಂದಿನ ಭಾನುವಾರ ಇಬ್ಬರೂ ಸೇರಿ ಗುರುತು ಹಾಕಿದ ಕಂಬಗಳಿಗೆ ಕಾಲುಚೀಲ ಬಿಗಿದರು. ಹೂವು ಕಾಯಾಯಿತು. ಕಾಯಿ ಮುಷ್ಟಿಯಷ್ಟಾದಾಗ ಅತ್ತೆ ಪ್ರತಿಯೊಂದಕ್ಕೂ ಬಲೆಯ ಚೀಲ ಕಟ್ಟಿ ಮೇಲಿನ ತಂತಿಗೆ ತೂಗುಹಾಕಿದರು. ತಂತಿಯನ್ನು ಹೊತ್ತಿದ್ದುದು ಕಂಬಗಳೇ. ದಿನದಿನಕ್ಕೆ ಕಾಯಿ ತೂಕ ಹಾಕಿತು. ಇನ್ನು ಮೂರು ವಾರವಿದ್ದರೆ ಸಾಕು, ತೊಟ್ಟಿನ ಸುತ್ತ ಬಿರುಕು ಬಿಟ್ಟು ಘಮ ಬರುತ್ತದೆ ಎಂದು ಮಾವ ಲೆಕ್ಕ ಹಾಕಿದ್ದರು.

ಅಷ್ಟರಲ್ಲಿ ಆ ಬೆಳಗಿನ ಗಾಳಿ ಬಂತು.

ಅಳಿಯ ಬಂದಾಗ ಪಕ್ಕದ ತೋಟದ ಗುಲಾಬಿ ಬೆಳೆಯುವವರು ಆಗಲೇ ಬಂದು ನಿಂತಿದ್ದರು. ಸುತ್ತಲಿನವರು ಅವರನ್ನು ಗುಲಾಬಿ ರಾಯರು ಎನ್ನುತ್ತಿದ್ದರು. ಅವರ ಮುಖದಲ್ಲಿ ಗುಲಾಬಿಯ ಯಾವ ಲಕ್ಷಣವೂ ಇರಲಿಲ್ಲ.

"ಗಾಳಿ ಅಂದ್ರೆ ಅದು ಗಾಳೀನಾ?" ಎನ್ನುತ್ತಿದ್ದರು ಅವರು. "ನಮ್ಮನೆ ನೀರಿನ ಟ್ಯಾಂಕಿನ ಮುಚ್ಚಳ ಎಲ್ಲಿ ಹೋಯ್ತೋ ಗೊತ್ತಿಲ್ಲ. ಬೀಳ್ಬೇಕು ಅಂತಿದ್ದದ್ದು ಬಿತ್ತು. ಯಾರೇನು ಮಾಡೋಕಾಗುತ್ತೆ? ಹಳೇದು ಬೇರೆ."

"ನಿಮ್ಮದು ನಿಂತಿದೆಯಲ್ಲ," ಎಂದ ಅಳಿಯ.

"ನಿಂತಿದೆ," ಎಂದರು ಅವರು. ಬೇಲಿಯಾಚೆಗಿದ್ದ ಅವರ ಹಸಿರುಮನೆ ಇದನ್ನು ಕಟ್ಟಿದ ವರ್ಷವೇ, ಇದೇ ಕೆಲಸಗಾರರು, ಇದೇ ಕೊಳವೆಯಲ್ಲಿ ಕಟ್ಟಿದ್ದು. ಅವರು ಅದರ ಕಡೆಗೊಮ್ಮೆ ನೋಡಿ, ಏನೋ ತಪ್ಪು ಮಾಡಿದವರಂತೆ, "ಬರ್ತೀನಿ, ಕೆಲಸದೋರು ಕಾಯ್ತಿರ್ತಾರೆ," ಎಂದು ಹೊರಟರು.

ಅಳಿಯ ಕುಸಿದ ಸಾಲಿನೊಳಗೆ ಬಗ್ಗಿ ನುಗ್ಗಿದ. ಪ್ಲಾಸ್ಟಿಕ್ಕು ಬಳ್ಳಿಗಳ ಮೇಲೆ ಹೊದಿಕೆಯಂತೆ ಬಿದ್ದಿತ್ತು. ಕಾಲುಚೀಲ ತೊಡಿಸಿದ ಕಂಬಗಳ ಬುಡ ಅಲ್ಲಾಡಿರಲಿಲ್ಲ. ಸೊಟ್ಟಪ್ಪ ಮೊದಲಿನಷ್ಟೇ ಸೊಟ್ಟಗೆ ನಿಂತಿದ್ದ. ಏಳನೆಯದು ಮಣ್ಣಿನ ಗೆರೆಯಲ್ಲಿ ಮಡಚಿಕೊಂಡು ಹರಿದಿತ್ತು. ಅದು ಹೋದದ್ದಕ್ಕೆ ಅದರ ಕಮಾನು ಕೆಳಗಿಳಿದಿತ್ತು. ಕಮಾನು ಎಳೆದದ್ದಕ್ಕೆ ಅಕ್ಕಪಕ್ಕದವು ಬಿದ್ದಿದ್ದವು. ಮೊದಲು ಹೋದದ್ದು ಯಾವುದೆಂದು ಹೇಳಲು ಅವನಿಗೆ ಗೇಜು ಬೇಕಾಗಿರಲಿಲ್ಲ. ಆದರೂ ತೆಗೆದ.

ಮಾವ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

ಅವನು ಉಳಿಯನ್ನು 'ನಮ್ಮೋರು' ಮೇಲೆ ಒತ್ತಿ ದೂಡಿದ. ಬಣ್ಣ ಪುಡಿಯಾಗಿ ಉದುರಲಿಲ್ಲ. ದಪ್ಪ ಸಿಪ್ಪೆಯಾಗಿ, ಅಕ್ಷರಗಳ ಸಮೇತ, ಒಂದೇ ತುಂಡಾಗಿ ಎದ್ದು ಬಂತು. ಅವನು ಅದನ್ನು ಬೆಳಕಿಗೆ ಹಿಡಿದ. ಅಂಚಿನಲ್ಲಿ ತಳದ ಬೆಳ್ಳಿ, ಅದರ ಮೇಲೆ ನೀಲಿ, ನೀಲಿಯ ಮೇಲೆ ಜೇನಿನ ಬಣ್ಣದ ಪದರ, ಮತ್ತೊಂದು, ಮತ್ತೊಂದು. ಎಣಿಸಲು ಆಗುವಷ್ಟಿರಲಿಲ್ಲ.

ಬರಿಯ ಉಕ್ಕಿಗೆ ಗೇಜು ಒತ್ತಿದ. ಪಾಯಿಂಟ್ ಏಳು.

"ಇದೇನು ಮಾವ, ಮೇಲಿರೋದು?"

"ವಾರ್ನಿಷ್," ಎಂದರು ಮಾವ.

"ಯಾವಾಗ ಹೊಡೆದ್ರಿ?"

"ಆವಾಗಾವಾಗ." ಮಾವ ಸಿಪ್ಪೆಯ ಅಂಚು ಮುಟ್ಟಿ ಹೇಳಿದರು, "ತಿಂಗಳಿಗೊಂದು ಸಲ. ಅವಳು ಹೋದ ಮೇಲೆ. ಅಕ್ಷರ ಮಾಸಬಾರದಲ್ಲ. ನಿಮ್ಮತ್ತೆಗೂ ಹೇಳಿರ್ಲಿಲ್ಲ."

"ಅವತ್ತು ನನಗೆ ಹೇಳಿದ್ರೆ ಆಗ್ತಿತ್ತು."

"ಹೇಳೋಣ ಅಂತಲೇ ಬಾಯಿ ತೆರೆದೆ. ಕೆರೀರಿ, ಅಕ್ಷರ ತಾನೆ ಅಂತ ದೊಡ್ಡದಾಗಿ ಹೇಳಿದೋನು ನಾನು. ಆಮೇಲೆ, ನಾನೇ ಕದ್ದು ವಾರ್ನಿಷ್ ಹೊಡೀತೀನಿ ಅಂತ ಹೆಂಗಪ್ಪ ಹೇಳೋದು? ನಾಚಿಕೆ ಆಯ್ತು."

ಅಳಿಯ ಸಿಪ್ಪೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ.

"ನಾನು ಕೆರೀಬೇಕಿತ್ತು," ಎಂದ.

ಮಾವ ಇಲ್ಲವೆನ್ನಲಿಲ್ಲ. "ಹೌದು," ಎಂದರು. "ಕೆರೀಬೇಕಿತ್ತು."

ಮಾವ ಎದ್ದರು. ಏಳುವಾಗ ಎಂದಿನ ಅಭ್ಯಾಸದಿಂದ ಆಸರೆಗೆಂದು ಕಂಬದ ಕಡೆ ಕೈ ಚಾಚಿದರು. ಕಂಬ ಅಲ್ಲಿರಲಿಲ್ಲ. ಅಳಿಯನ ಭುಜ ಸಿಕ್ಕಿತು. ಹಿಡಿದುಕೊಂಡು ಎದ್ದು, ಬಿಟ್ಟರು.

ಅತ್ತೆ ಇನ್ನೊಂದು ಕಡೆಯಿಂದ ಪ್ಲಾಸ್ಟಿಕ್ಕು ಎತ್ತುತ್ತಾ ಬರುತ್ತಿದ್ದರು. ಒಂಬತ್ತು ಬಳ್ಳಿಯೂ ಬುಡದ ಹತ್ತಿರವೇ ಜಜ್ಜಿಹೋಗಿದ್ದವು. ಕೆಲವು ಕಾಯಿ ಒಡೆದಿದ್ದವು. ಬಲೆಯಲ್ಲಿದ್ದ ಕಾರಣಕ್ಕೆ ಒಂದಷ್ಟು ಒಡೆಯದೆ ಉಳಿದಿದ್ದವು. ಅವರು ಅವನ್ನು ಬಲೆಯ ಸಮೇತ ಬಿಡಿಸಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು, ಮಲಗಿದ ಕೂಸನ್ನು ಎತ್ತುವವರಂತೆ ಎರಡೂ ಕೈ ಕೊಟ್ಟು.

"ಒಡೆದಿದ್ದರಲ್ಲಿ ಬೀಜ ನೋಡಿದ್ಯಾ?" ಎಂದು ಮಾವ ಕೇಳಿದರು.

"ನೋಡಿದೆ. ಒದ್ದೆ ಕಾಗದ ಇದ್ದಂಗಿದೆ." ಅತ್ತೆ ಬುಟ್ಟಿಯನ್ನು ಸೊಂಟಕ್ಕೇರಿಸಿದರು. "ಇವನ್ನ ಕತ್ತರಿಸೋದು ಬೇಡ. ಹಂಗೇ ಇಟ್ರೆ ಒಳಗೇ ಬೀಜ ಒಂಚೂರು ಬಲೀಬಹುದು. ಬದನೆ, ಸೋರೆ ಬೀಜಕ್ಕೆಲ್ಲ ಇಡ್ತೀವಲ್ಲ."

"ಅವು ಬಲಿತ ಮೇಲೆ ಇಡೋದು ಕಣೇ."

"ಗೊತ್ತು. ಇಟ್ಟು ನೋಡೋಕೇನು ಕಷ್ಟ?"

ಮಗಳ ಕೋಣೆಯ ಮಂಚದ ಮೇಲೆ ಹಳೆಯ ಕಂಬಳಿ ಹಾಸಿ ಕಾಯಿಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟರು. ಅಳಿಯ ಅಂದು ಕೆಲಸಕ್ಕೆ ಹೋಗಲಿಲ್ಲ. ಮಾವನ ಜೊತೆ ಪ್ಲಾಸ್ಟಿಕ್ಕು ಸುತ್ತಿ, ಕಮಾನುಗಳ ಬೋಲ್ಟು ಬಿಚ್ಚಿ, ಕೊಳವೆಗಳನ್ನು ಬೇಲಿಯ ಪಕ್ಕ ಜೋಡಿಸಿದ. ಕೆಲಸಕ್ಕೆ ಬೇಕಾದಷ್ಟೇ ಮಾತು ನಡೆಯಿತು. ಆ ಕಡೆ ಹಿಡೀರಿ. ಎತ್ತಿ. ಬಿಡಿ.

ಆಮೇಲೆ ಅವನು ಆಫೀಸಿನಿಂದ ನೇರ ಅಲ್ಲಿಗೇ ಬರತೊಡಗಿದ. ಬಂದವನು ಕಾಯಿಗಳ ಮೂತಿ ತಿರುಗಿಸಿ ಕೊಳೆತಿದೆಯೇ ಎಂದು ನೋಡುತ್ತಿದ್ದ. ಒಂದೊಂದಾಗಿ ಮೆತ್ತಗಾದವು. ಕೋಣೆಯಲ್ಲಿ ಸಿಹಿ ಘಮದ ಬದಲು ಹುಳಿ ವಾಸನೆ ಹಬ್ಬಿತು. ಇನ್ನು ಇಟ್ಟರೆ ಬೀಜವೂ ಕೊಳೆಯುತ್ತದೆ ಎಂದು ಮಾವ ಹೇಳಿದ ಸಂಜೆ, ಮೂವರೂ ಹಿತ್ತಿಲಿನಲ್ಲಿ ಕೂತು ಕಾಯಿ ಕತ್ತರಿಸಿದರು.

ಬೀಜ ಪರೀಕ್ಷೆ ಸುಲಭದ್ದು. ತಿರುಳು ತೊಳೆದು ಬಕೆಟ್ಟಿನ ನೀರಿಗೆ ಹಾಕಬೇಕು. ಒಳಗೆ ಗಟ್ಟಿ ಬೇಳೆಯಿದ್ದರೆ ಮುಳುಗುತ್ತದೆ, ಪೊಳ್ಳಾದರೆ ತೇಲುತ್ತದೆ. ಅತ್ತೆ ಮೊದಲ ಹಿಡಿ ಬಿಟ್ಟರು. ಎಲ್ಲವೂ ಮೇಲೆ ಬಂದವು. ಎರಡನೆಯ ಹಿಡಿಯೂ ಹಾಗೇ. ಅವರು ಬೆರಳಿನಿಂದ ಮೆಲ್ಲಗೆ ಅದುಮಿ ಕೆಳಗೆ ಕಳಿಸಿದರು. ಬೆರಳು ತೆಗೆದೊಡನೆ ಮತ್ತೆ ಎದ್ದವು.

"ಅದುಮಬೇಡ್ವೇ," ಎಂದರು ಮಾವ. "ಅದುಮಿದ್ರೆ ಬಲಿಯುತ್ತಾ?"

"ನನ್ನ ಬೆರಳು, ನನ್ನ ಬಕೆಟ್ಟು. ನಿಮಗೇನು?"

ಕೊನೆಯ ಕಾಯಿಯದನ್ನು ಹಾಕಿದಾಗ ನಾಲ್ಕು ಬೀಜ ತಳ ಸೇರಿದವು. ಅಳಿಯ ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿ ಅವನ್ನು ಒಂದೊಂದಾಗಿ ಆರಿಸಿಕೊಟ್ಟ. ಕೊನೆಯದನ್ನು ಕೊಟ್ಟವನು ಕೈ ಹೊರಗೆ ತೆಗೆಯದೆ, ತಲೆ ತಗ್ಗಿಸಿ, ಬಕೆಟ್ಟಿನ ಮೇಲೆ ಬಗ್ಗಿಯೇ ಉಳಿದ. ಬೆನ್ನು ಅಲುಗುತ್ತಿತ್ತು.

"ಅತ್ತೆ, ನನ್ನ ಕಂಬ ಅಂತ ಕರೀತಿದ್ಲು ಅವಳು," ಎಂದ. "ಅದೊಂದನ್ನ ಕೆರೆಯೋಕೆ ಕೈ ಬರ್ಲಿಲ್ಲ. ಅವಳ ಹಣ್ಣೇ ಹೋಯ್ತು."

ಅತ್ತೆ ಬೀಜಗಳನ್ನು ಸೆರಗಿನ ತುದಿಯಲ್ಲಿ ಒತ್ತಿ ಒರೆಸುತ್ತಿದ್ದರು. ಅವು ಕೈಯಲ್ಲಿದ್ದುದರಿಂದ ಅವನನ್ನು ಮುಟ್ಟಲಾಗಲಿಲ್ಲ.

"ಅವಳಿದ್ದಿದ್ರೆ ನಿಂಗೆ ಚೆನ್ನಾಗಿ ಬಯ್ದಿರೋಳು," ಎಂದರು. "ಅಕ್ಷರ ಮತ್ತೆ ಬರೀತಿದ್ದೆ, ಹಣ್ಣು ಎಲ್ಲಿಂದ ತರ್ಲಿ ಅಂತ ಕುಣಿದಾಡಿರೋಳು. ಎರಡು ದಿನ ಮಾತು ಬಿಟ್ಟಿರೋಳು." ಅವರ ದನಿ ಅಲ್ಲಿಗೆ ನಿಂತು, ಮತ್ತೆ ಹೊರಟಿತು. "ಬಯ್ಯೋಕೆ ಅವಳಿಲ್ಲ. ನಮಗೆ ಬಯ್ಯೋ ಶಕ್ತಿ ಇಲ್ಲ. ಏಳು. ಕೈ ಒರೆಸ್ಕೋ."

ಮಾವ ಎದ್ದು ಒಳಗೆ ಹೋಗಿ ಟವೆಲು ತಂದು ಅವನ ಹೆಗಲ ಮೇಲೆ ಹಾಕಿದರು.

ನಾಲ್ಕು ಬೀಜಕ್ಕೆ ನಾಲ್ಕು ಪುಟ್ಟ ಕುಂಡ. ಜರಡಿ ಹಿಡಿದ ಮಣ್ಣು, ಹದವಾದ ನೀರು. ಅಡುಗೆಮನೆಯ ಕಿಟಕಿಯಲ್ಲಿ ಬೆಚ್ಚಗಿನ ಜಾಗ ನೋಡಿ ಇಟ್ಟರು. ಮೊಳಕೆ ಬರುವ ವಾರ ಬಂತು, ಹೋಯಿತು. ಅಳಿಯ ಬಂದಾಗಲೆಲ್ಲ ಮೊದಲು ಕಿಟಕಿಗೆ ಹೋಗುತ್ತಿದ್ದ. ಮತ್ತೊಂದು ವಾರ ಕಾದು ಅತ್ತೆ ಚಮಚೆಯ ಹಿಡಿಯಿಂದ ಮಣ್ಣು ಸರಿಸಿ ನೋಡಿದರು. ನಾಲ್ಕೂ ಕೊಳೆತಿದ್ದವು.

ಆ ತಿಂಗಳ ಕೊನೆಗೆ ಗುಜರಿಯವರು ಬಂದು, ನಿಂತಿದ್ದ ಇನ್ನರ್ಧವನ್ನೂ ಬಿಚ್ಚಿ, ಕೊಳವೆಗಳನ್ನು ಲಾರಿಗೆ ತುಂಬಿಕೊಂಡು ಹೋದರು. ಹಸಿರುಮನೆ ಇದ್ದ ಜಾಗವನ್ನು ಮಾವ ಉಳುಮೆ ಮಾಡಿಸಿ, ಬಯಲಿನಲ್ಲೇ ಈರುಳ್ಳಿ ನೆಟ್ಟರು.